ಮದ್ದಿನ ಪುಸ್ತಕಗಳಲ್ಲಿ ಬಿಟ್ಟುಹೋದ ಸಾಲು

ಯಾವ ಪುಸ್ತಕದಂಗಡಿಗೆ ಹೋದರೂ ಅಡುಗೆ, ರಂಗೋಲಿ, ವಾಸ್ತುವಿನ ಪುಸ್ತಕಗಳ ಪಕ್ಕದಲ್ಲಿ ಗಿಡಮೂಲಿಕೆಯ ಪುಸ್ತಕಗಳು ಇದ್ದೇ ಇರುತ್ತವೆ. ಹೊದಿಕೆಯ ಮೇಲೆ ಒಂದು ಕಲ್ಲಿನ ಕುಟ್ಟಾಣಿ, ನಾಲ್ಕು ತುಳಸಿ ಎಲೆ, ಹಿಂದೆ ಮಂಜು ಮುಸುಕಿದ ಬೆಟ್ಟ. ಒಳಗೆ ನೂರೆಂಟು ಗಿಡಗಳು, ಸಾವಿರದೆಂಟು ರೋಗಗಳು. ಕಾದಂಬರಿ ಮಾರಾಟವಾಗುವುದಿಲ್ಲ ಎಂದು ಗೋಳಾಡುವ ಅಂಗಡಿಯವರು ಕೂಡ ಈ ಪುಸ್ತಕಗಳ ವಿಷಯದಲ್ಲಿ ದೂರು ಹೇಳಿದ್ದನ್ನು ನಾನು ಕೇಳಿಲ್ಲ. ಇಷ್ಟೊಂದು ಜನ ಓದುವ, ಓದಿ ಅದರಂತೆ ನಡೆಯುವ ಪುಸ್ತಕಗಳ ಬಗ್ಗೆ ವಿಮರ್ಶೆ ಎಂಬುದು ಮಾತ್ರ ಎಲ್ಲೂ ಕಾಣುವುದಿಲ್ಲ. ಒಂದು ಕವನ ಸಂಕಲನದಲ್ಲಿ ಒಂದು ಉಪಮೆ ಕೆಟ್ಟರೆ ನಾಲ್ಕು ಜನ ಲೇಖನ ಬರೆಯುತ್ತಾರೆ. ಮದ್ದಿನ ಪುಸ್ತಕದಲ್ಲಿ ಒಂದು ಹೆಸರು ಕೆಟ್ಟರೆ ಕೇಳುವವರಿಲ್ಲ.

ಕೇಳಲು ನನಗೇನು ಅರ್ಹತೆ ಎಂದು ನೀವು ಕೇಳಬಹುದು. ನಾನು ಸಸ್ಯಶಾಸ್ತ್ರ ಓದಿದವಳಲ್ಲ, ವೈದ್ಯಳಂತೂ ಅಲ್ಲವೇ ಅಲ್ಲ. ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಕನ್ನಡ, ಸಮಾಜ ಹೇಳಿಕೊಡುವವಳು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ನಿವೃತ್ತರಾದ ಮೇಲೆ ಔಷಧಿವನದ ಉಸ್ತುವಾರಿ ನನ್ನ ಪಾಲಿಗೆ ಬಂತು. ಗಿಡಗಳಿಗೆ ಹೆಸರಿನ ಫಲಕ ಬರೆಸಬೇಕು, ಕೆಳಗೆ ಒಂದು ಸಾಲು ಉಪಯೋಗ ಬರೆಸಬೇಕು. ಇಷ್ಟೇ ಕೆಲಸ. ಇಷ್ಟಕ್ಕಾಗಿ ಪುಸ್ತಕ ತೆರೆದವಳು ಹತ್ತು ಹನ್ನೆರಡು ವರ್ಷಗಳಲ್ಲಿ ಒಂದು ಕಪಾಟು ತುಂಬಿಸಿಕೊಂಡೆ. ಪಠ್ಯಪುಸ್ತಕವನ್ನು ಓದುವ ಅಭ್ಯಾಸ ಇರುವವರಿಗೆ, ಒಂದು ಪುಟ ಇನ್ನೊಂದು ಪುಟದಿಂದ ಇಳಿದುಬಂದದ್ದು ಹೌದೋ ಅಲ್ಲವೋ ಎಂದು ಹೇಳಲು ಸಸ್ಯಶಾಸ್ತ್ರದ ಪದವಿ ಬೇಕಾಗುವುದಿಲ್ಲ.

ಮೊದಲು ಹೆಸರಿನ ಮಾತು. ಬ್ರಾಹ್ಮಿ ಎಂಬ ಪುಟ ತೆರೆಯಿರಿ. ಒಂದು ಪುಸ್ತಕದಲ್ಲಿ ಅದು ಒಂದೆಲಗ. ನಮ್ಮ ಕಡೆಯ ತುಳುವರಿಗೆ ತಿಮರೆ, ಹವ್ಯಕರಿಗೆ ಉರಗೆ. ತೋಡಿನ ಬದಿಯಲ್ಲಿ ನೆಲಕ್ಕೆ ಹಬ್ಬಿ, ಗಂಟಿಗೊಂದು ದುಂಡನೆಯ ಎಲೆ ಎತ್ತಿ ನಿಲ್ಲುವ, ಚಟ್ನಿ ತಂಬುಳಿಗಳ ಗಿಡ. ಇನ್ನೊಂದು ಪುಸ್ತಕದಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಚಿಕ್ಕ ಚಿಕ್ಕ ದಪ್ಪ ಎಲೆ, ನಸುಬಿಳಿ ಹೂ. ಮೊದಲನೆಯದು ಸೆಂಟೆಲ್ಲ ಏಷಿಯಾಟಿಕ, ಎರಡನೆಯದು ಬಕೋಪ ಮೊನಿಯೆರಿ. ಎರಡರ ಕುಟುಂಬವೇ ಬೇರೆ. ಮೂರನೆಯ ಪುಸ್ತಕದಲ್ಲಿ ಚಿತ್ರ ಒಂದರದ್ದು, ವಿವರಣೆ ಇನ್ನೊಂದರದ್ದು. ಎರಡನ್ನೂ ಜ್ಞಾಪಕಶಕ್ತಿಗೆ ಹೇಳಿರುವುದರಿಂದ ಯಾರಿಗೂ ಜಗಳವಿಲ್ಲ. ಶಂಖಪುಷ್ಪಿಯ ಕತೆ ಇದಕ್ಕಿಂತ ದೊಡ್ಡದು. ದೇಶದಲ್ಲಿ ಆ ಹೆಸರಿನಿಂದ ನಾಲ್ಕು ಗಿಡಗಳಾದರೂ ವ್ಯವಹಾರದಲ್ಲಿವೆ. ಉತ್ತರದವರ ಶಂಖಪುಷ್ಪಿ ನೆಲಕ್ಕಂಟಿದ ಸಣ್ಣ ಗಿಡ, ಕೇರಳದವರದ್ದು ನಮ್ಮ ಬೇಲಿಯ ಮೇಲೆ ನೀಲಿ ಹೂ ಬಿಡುವ ಬಳ್ಳಿ.

ಇವುಗಳಲ್ಲಿ ತಪ್ಪಿದರೆ ದೊಡ್ಡ ಅಪಾಯವಿಲ್ಲ ಎನ್ನಬಹುದು. ಆಡುಸೋಗೆಯ ವಿಷಯಕ್ಕೆ ಬನ್ನಿ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಹೇಳುವ ನಮ್ಮ ಭಾಷೆಯಲ್ಲಿಯೇ ಆಡುಮುಟ್ಟದ ಸೊಪ್ಪು ಎಂಬ ಹೆಸರಿನ ಗಿಡವೂ ಇದೆ, ಆಡುಮುಟ್ಟದ ಬಳ್ಳಿ ಎಂಬ ಬಳ್ಳಿಯೂ ಇದೆ! ಮೊದಲನೆಯದು ಆಡುಸೋಗೆ. ಅದರ ಲ್ಯಾಟಿನ್ ಹೆಸರಿನಲ್ಲಿರುವ ‘ಅಧಟೋಡ’ ಕೂಡ ದಕ್ಷಿಣದ ಭಾಷೆಯಿಂದಲೇ ಹೋದದ್ದು. ಅದರಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವಿನ ಜಾಡು ಹಿಡಿದೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಮಾತ್ರೆ ಬಂತು. ಎರಡನೆಯದು ಟೈಲೊಫೋರ, ಹಾಲು ಸುರಿಸುವ ಬಳ್ಳಿ. ವಾಂತಿ ಬರಿಸುವುದೇ ಅದರ ಪ್ರಸಿದ್ಧ ಗುಣ. ಎರಡನ್ನೂ ಕೆಮ್ಮು ದಮ್ಮಿಗೆ ಹೇಳಿದ್ದಾರೆ. ‘ಆಡುಮುಟ್ಟದ ಎಲೆಯ ರಸ ಎರಡು ಚಮಚ’ ಎಂದಷ್ಟೇ ಬರೆದು, ಚಿತ್ರದ ಜಾಗದಲ್ಲಿ ಯಾವುದೋ ಹಸಿರು ಮಸಿಯ ಕಲೆಯನ್ನು ಅಚ್ಚು ಹಾಕಿದ ಪುಸ್ತಕ ನನ್ನ ಕಪಾಟಿನಲ್ಲಿದೆ. ಯಾವ ಎಲೆ? ಯಾರ ಚಮಚ? ಆಡುಸೋಗೆ ಗರ್ಭಕೋಶವನ್ನು ಕೆರಳಿಸುವಂಥದ್ದು, ಬಸುರಿಯರಿಗೆ ಕೂಡದು ಎಂಬ ಸಾಲೂ ಅದರಲ್ಲಿಲ್ಲ.

ಇಂಥ ಗೊಂದಲ ಎಲ್ಲಿಂದ ಬಂತೆಂದು ಹಿಂದಕ್ಕೆ ಹೋದರೆ ದೊಡ್ಡ ಗ್ರಂಥಗಳು ಸಿಗುತ್ತವೆ. ನಾಡಕರ್ಣಿಯವರ ‘ಇಂಡಿಯನ್ ಮೆಟೀರಿಯ ಮೆಡಿಕ’ದ 1954ರ ಆವೃತ್ತಿ ಇಂದಿಗೂ ಮರುಮುದ್ರಣವಾಗುತ್ತಿರುವ ಪುಸ್ತಕ. ಅದರಲ್ಲಿ ಪ್ರತಿ ಗಿಡಕ್ಕೂ ಹತ್ತಾರು ಭಾಷೆಗಳ ಹೆಸರುಗಳಿವೆ, ಕನ್ನಡದ್ದೂ ಇದೆ. ಆದರೆ ರೋಮನ್ ಲಿಪಿಯಲ್ಲಿ. ಬಾಳೆ, ಬಲೆ, ಬಳೆ ಮೂರನ್ನೂ ಆ ಲಿಪಿಯಲ್ಲಿ ಒಂದೇ ರೀತಿ ಬರೆಯಬಹುದು. ಆ ಹೆಸರನ್ನು ನಮ್ಮ ಸಂಗ್ರಹಕಾರರು ಮತ್ತೆ ಕನ್ನಡಕ್ಕೆ ತರುವಾಗ ಲಕಾರ ಳಕಾರಗಳು ಅದಲುಬದಲಾಗಿ, ಯಾವ ಊರಿನಲ್ಲೂ ಯಾರ ಬಾಯಲ್ಲೂ ಇಲ್ಲದ ಹೆಸರುಗಳು ಹುಟ್ಟುತ್ತವೆ. ನಮ್ಮ ಗಿಡ ಇಂಗ್ಲಿಷಿನ ಮೂಲಕ ತವರಿಗೆ ಬಂದಾಗ ತವರಿನವರಿಗೇ ಗುರುತು ಸಿಗುವುದಿಲ್ಲ.

ಹೆಸರಿನಷ್ಟೇ ಅಲ್ಲ, ಬೇರೊಂದು ಸಂಗತಿಯೂ ಈ ದಾರಿಯಲ್ಲಿ ಕಳೆದುಹೋಗಿದೆ. ಕೀರ್ತಿಕರ್ ಮತ್ತು ಬಸು ಎಂಬ ಇಬ್ಬರು ಸೈನ್ಯದ ವೈದ್ಯರು ಸೇರಿ ಬರೆದ ‘ಇಂಡಿಯನ್ ಮೆಡಿಸಿನಲ್ ಪ್ಲಾಂಟ್ಸ್’ 1918ರಲ್ಲಿ ಅಲಹಾಬಾದಿನಿಂದ ಹೊರಬಂತು. ನಮ್ಮ ದೇಶದ ಔಷಧಿ ಸಸ್ಯಗಳ ಪುಸ್ತಕಗಳಿಗೆಲ್ಲ ಅದು ಹಿರಿಯಜ್ಜ. ಅದರ ಎರಡನೆಯ ಆವೃತ್ತಿಯನ್ನು 1933ರಿಂದ 1935ರ ಹೊತ್ತಿಗೆ ಪರಿಷ್ಕರಿಸಿ ಹೊರತಂದವರು ಬ್ಲಾಟರ್, ಕೇಯಸ್ ಮತ್ತು ಮ್ಹಸ್ಕರ್. ಇವರಲ್ಲಿ ಕೇಯಸ್ ಮತ್ತು ಮ್ಹಸ್ಕರ್ ಒಂದು ಅಪೂರ್ವ ಕೆಲಸ ಮಾಡಿದ್ದರು. ಹಾವಿನ ವಿಷಕ್ಕೆ ಮದ್ದೆಂದು ದೇಶದುದ್ದಕ್ಕೂ ಹೇಳುವ ಮುನ್ನೂರಕ್ಕೂ ಹೆಚ್ಚು ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಂದಾದರೂ ವಿಷವನ್ನು ತಡೆಯುವುದಿಲ್ಲ ಎಂಬ ಫಲಿತಾಂಶವನ್ನು 1931ರಲ್ಲಿ ಪ್ರಕಟಿಸಿದ್ದರು. ಪರಿಷ್ಕೃತ ಗ್ರಂಥದಲ್ಲಿ ಅಂಥ ಎಷ್ಟೋ ಗಿಡಗಳ ಉಪಯೋಗದ ಪಟ್ಟಿಯ ಕೊನೆಗೆ, ಇದು ಹಾವಿನ ವಿಷಕ್ಕೆ ಪ್ರತಿವಿಷವಲ್ಲ ಎಂಬರ್ಥದ ಪುಟ್ಟದೊಂದು ಸಾಲನ್ನು, ತಮ್ಮ ಹೆಸರಿನೊಡನೆ ಸೇರಿಸಿದರು. ಜನ ಹೀಗೆ ಹೇಳುತ್ತಾರೆ; ನಾವು ನೋಡಿದಾಗ ಹೀಗೆ ಕಂಡಿತು. ಎರಡನ್ನೂ ಒಂದೇ ಪುಟದಲ್ಲಿ ಇಟ್ಟ ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ.

ನಮ್ಮ ಕನ್ನಡದ ಜನಪ್ರಿಯ ಪುಸ್ತಕಗಳಲ್ಲಿ ಮೇಲಿನ ಪಟ್ಟಿ ಇದೆ. ಕೆಳಗಿನ ಸಾಲು ಇಲ್ಲ.

ಅದು ಎಂಥ ಸಾಲು ಎಂಬುದು ನನಗೆ ಗೊತ್ತಾದದ್ದು ಕೆಲವು ವರ್ಷಗಳ ಹಿಂದೆ. ನನ್ನ ತರಗತಿಯ ಹುಡುಗನೊಬ್ಬನ ತಂದೆಗೆ ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಡಿಯಿತು. ಮನೆಯಲ್ಲಿ ಪಂಚಾಂಗದ ಜೊತೆ ಒಂದು ಮದ್ದಿನ ಪುಸ್ತಕ ಇತ್ತು. ಓದು ಬಲ್ಲ ಮನೆ ಅದು, ಮಂತ್ರವಾದಿಯ ಹತ್ತಿರ ಹೋಗುವವರಲ್ಲ. ಪುಸ್ತಕ ನೋಡಿ ಈಶ್ವರಿ ಬಳ್ಳಿಯ ಬೇರು ಹುಡುಕಿ ತಂದು, ಅರೆದು ಕುಡಿಸಿ, ಬಾವು ಇಳಿಯುತ್ತದೆಯೇ ಎಂದು ಕಾದರು. ಆಸ್ಪತ್ರೆ ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಜೀವ ಉಳಿಯಿತು. ಮೂತ್ರಪಿಂಡ ಕೆಲಸ ನಿಲ್ಲಿಸಿ ವಾರಗಟ್ಟಲೆ ಡಯಾಲಿಸಿಸ್ ಮಾಡಿಸಬೇಕಾಯಿತು, ತೋಟದ ಒಂದು ಭಾಗ ಅದಕ್ಕೇ ಹೋಯಿತು. ಆ ಪುಸ್ತಕವನ್ನು ನಾನು ಕೇಳಿ ತಂದು ನೋಡಿದೆ. ಈಶ್ವರಿಯ ಪುಟದಲ್ಲಿ ಹಾವಿನ ವಿಷ ‘ಇಳಿಯುತ್ತದೆ’ ಎಂದೇ ಇದೆ. ‘ಎನ್ನುತ್ತಾರೆ’ ಎಂಬ ಒಂದು ಪದವಾದರೂ ಬೇಡವೇ? ವ್ಯಾಕರಣದ ದೃಷ್ಟಿಯಿಂದ ಒಂದು ಕ್ರಿಯಾಪದದ ವ್ಯತ್ಯಾಸ, ಅಷ್ಟೆ.

ಈಶ್ವರಿಯ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಅದರ ಕುಲದ ಹೆಸರು ಅರಿಸ್ಟೊಲೋಕಿಯ. ಬೆಲ್ಜಿಯಂ ದೇಶದ ಬ್ರಸೆಲ್ಸ್ ಪಟ್ಟಣದ ಒಂದು ಚಿಕಿತ್ಸಾಲಯದಲ್ಲಿ 1990ರ ಸುಮಾರಿಗೆ ಮೈ ತೆಳ್ಳಗಾಗಿಸುವ ಗುಳಿಗೆಗೆ ಚೀನದ ಒಂದು ಮೂಲಿಕೆ ಸೇರಿಸುತ್ತಿದ್ದರು. ಚೀನೀ ಹೆಸರು ಹೆಚ್ಚುಕಡಿಮೆ ಒಂದೇ ಆದ್ದರಿಂದ ಅದರ ಬದಲು ಅರಿಸ್ಟೊಲೋಕಿಯ ಕುಲದ ಬೇರೊಂದು ಗಿಡ ಪುಡಿಯಲ್ಲಿ ಸೇರಿಹೋಯಿತು. ಗುಳಿಗೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟವು ಎಂಬುದನ್ನು 1993ರಲ್ಲಿ ವೈದ್ಯರು ವರದಿ ಮಾಡಿದರು. ಕೊನೆಗೆ ಲೆಕ್ಕ ನೂರು ದಾಟಿತು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಆ ಕುಲದ ಗಿಡಗಳಿರುವ ಮೂಲಿಕೆ ಮದ್ದುಗಳು ಮನುಷ್ಯರಿಗೆ ಕ್ಯಾನ್ಸರ್ ತರುವಂಥವು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿಯೇ ಸಾರಿದೆ. ನಮ್ಮ ಪುಸ್ತಕದ ಆರನೆಯ ಮುದ್ರಣ ಅದಾದ ಎಷ್ಟೋ ವರ್ಷಗಳ ಮೇಲಿನದು. ಹೊದಿಕೆಯ ಬಣ್ಣ ಬದಲಾಗಿದೆ, ಬೆಲೆ ಬದಲಾಗಿದೆ, ಈಶ್ವರಿಯ ಪುಟದಲ್ಲಿ ಒಂದಕ್ಷರ ಬದಲಾಗಿಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಒಂದು ಅಧ್ಯಯನ ಲೆಕ್ಕ ಹಾಕಿದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಪ್ರಕಾಶಕರಿಗೆ ಆದೇಶವೇನೂ ಇಲ್ಲವಷ್ಟೆ.

ಹಾಗಾದರೆ ನೀವು ಹಳೆಯದನ್ನೆಲ್ಲ ಮೌಢ್ಯ ಎನ್ನುತ್ತೀರಾ ಎಂದು ಸಹೋದ್ಯೋಗಿಯೊಬ್ಬರು ಮುಖ ಗಂಟಿಕ್ಕಿದರು. ಇಲ್ಲ. ಈ ಪುಸ್ತಕಗಳು ಹಳೆಯದಕ್ಕೂ ನಿಷ್ಠವಾಗಿಲ್ಲ ಎಂಬುದೇ ನನ್ನ ದೂರು. ಆಟಿ ಅಮಾವಾಸ್ಯೆಯ ಕಷಾಯವನ್ನೇ ನೋಡಿ. ತುಳುನಾಡಿನ ಮನೆಮನೆಯಲ್ಲಿ ಆ ದಿನ ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆ ತಂದು, ರಸ ತೆಗೆದು, ಕರಿಮೆಣಸು ಬೆಳ್ಳುಳ್ಳಿ ಓಮ ಸೇರಿಸಿ, ಕಾಯಿಸಿದ ಬೆಣಚುಕಲ್ಲು ಹಾಕಿ ಒಗ್ಗರಣೆ ಕೊಟ್ಟು ಎಲ್ಲರೂ ಕುಡಿಯುತ್ತಾರೆ. ಕಹಿ ಎಂದರೆ ಅಂಥಿಂಥ ಕಹಿಯಲ್ಲ. ಆಮೇಲೆ ಮೆಂತೆ ಗಂಜಿ. ಪುಸ್ತಕಗಳಲ್ಲಿ ಇಷ್ಟೂ ಇದೆ. ಆದರೆ ಹಿಂದಿನ ದಿನ ಹಗಲಿನಲ್ಲಿಯೇ ಹಿರಿಯರೊಬ್ಬರು ಹೋಗಿ ಮರವನ್ನು ಗುರುತಿಸಿ, ಅದಕ್ಕೆ ನೂಲು ಕಟ್ಟಿ ಬರುತ್ತಿದ್ದರು ಎಂಬುದನ್ನು ಬರೆದವರು ಕಡಿಮೆ. ಬರೆದವರೂ ಅದನ್ನು ಮರಕ್ಕೆ ಆಹ್ವಾನ ಕೊಡುವ ಆಚರಣೆ ಎಂದು ಜಾನಪದದ ಖಾತೆಗೆ ಹಾಕಿದ್ದಾರೆ. ಕತ್ತಲಲ್ಲಿ ಹೋಗುವವನ ಕೈಗೆ ತಪ್ಪು ಮರ ಸಿಗಬಾರದೆಂಬ ಎಚ್ಚರ ಆ ನೂಲಿನಲ್ಲಿದೆ ಎಂದು ನನಗನ್ನಿಸುತ್ತದೆ. ನಮ್ಮ ಗುಡ್ಡಗಳಲ್ಲಿ ಪಾಲೆಯ ಜೊತೆಗೇ ಕಾಸರಕನ ಮರವೂ ಇರುತ್ತದೆ, ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಪಾಲೆ ಎಂದು ತಿಳಿದು ಕಾಸರಕನ ತೊಗಟೆ ತಂದು ಕುಡಿದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದದ್ದಿದೆ. ಪುಸ್ತಕಕ್ಕೆ ತೊಗಟೆ ಬೇಕಾಯಿತು, ನೂಲು ಬೇಡವಾಯಿತು.

ನಮ್ಮ ನೆರೆಯಲ್ಲಿ ಕೆಂಪಿಗೆ, ಸರ್ಪಸುತ್ತಿಗೆ ಮದ್ದು ಕೊಡುವ ಮುದುಕಿಯೊಬ್ಬರಿದ್ದಾರೆ. ಸೊಪ್ಪಿನ ಹೆಸರು ಹೇಳಿದರೆ ಮದ್ದು ನಾಟುವುದಿಲ್ಲ ಎಂಬ ನಂಬಿಕೆಯವರು, ಹಾಗಾಗಿ ನಾನೂ ಕೇಳಿಲ್ಲ. ಒಮ್ಮೆ ಅವರಿಗೆ ಇಂಥದ್ದೊಂದು ಪುಸ್ತಕದ ಎರಡು ಪುಟ ಓದಿ ಹೇಳಿದೆ. ಕೇಳಿಸಿಕೊಂಡು, “ಯಾರಿಗೆ ಕೊಡಬಾರದು ಅಂತ ಅದರಲ್ಲಿ ಬರೆದಿಲ್ವಾ?” ಎಂದರು. ತಾವು ಮೊದಲು ಕಲಿತದ್ದು ಅದನ್ನೇ ಎಂದರು. ಕೂಸಿಗೆ, ಬಸುರಿಗೆ, ನಂಜಿನ ಮೈಯವರಿಗೆ ಕೊಡದೆ ಹಿಂದಕ್ಕೆ ಕಳಿಸುವುದನ್ನು ಕಲಿತ ಮೇಲೆಯೇ ಅವರ ಅತ್ತೆ ಸೊಪ್ಪು ತೋರಿಸಿದರಂತೆ. ನಾನು ಓದಿದ ಪುಸ್ತಕಗಳಲ್ಲಿ ‘ಕೊಡಬಾರದು’ ಎಂಬ ಪದವನ್ನು ಹುಡುಕಿ ಲೆಕ್ಕ ಹಾಕಲು ಎರಡು ಕೈಯ ಬೆರಳು ಸಾಕು.

ಹೆಂಗಸರ ರೋಗಗಳ ಅಧ್ಯಾಯವಂತೂ ಓದುವಾಗ ಸಿಟ್ಟು ಬರುತ್ತದೆ. ಬರೆದವರೆಲ್ಲ ಗಂಡಸರು; ಬಾಣಂತಿ ಮದ್ದು ಅರೆದವರೆಲ್ಲ ಹೆಂಗಸರು. ಮುಟ್ಟಿನ ತೊಂದರೆ ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ಸ್ರಾವ ಹೆಚ್ಚಾದದ್ದಕ್ಕೋ, ನಿಂತದ್ದಕ್ಕೋ, ನೋವಿಗೋ ಎಂದು ಗೊತ್ತಾಗುವುದಿಲ್ಲ. ಚಿತ್ರಮೂಲದ ಬೇರಿನಂಥ ಉಗ್ರವಾದದ್ದನ್ನು ‘ತಿಂಗಳ ಸ್ರಾವವನ್ನು ತರಿಸುತ್ತದೆ’ ಎಂದು ಸಭ್ಯ ಮಾತಿನಲ್ಲಿ ಬರೆದು ಸುಮ್ಮನಾಗುತ್ತಾರೆ. ದಿಕ್ಕು ತೋಚದ ಹುಡುಗಿಯೊಬ್ಬಳು ಆ ಸಾಲನ್ನು ಹೇಗೆ ಓದಿಕೊಳ್ಳುತ್ತಾಳೆ ಎಂದು ಬರೆದವರು ಯೋಚಿಸಿದ್ದರೆ, ಅದು ಪ್ರಾಣಕ್ಕೆ ಎರವಾಗುವ ವಿಷ ಎಂಬ ಇನ್ನೊಂದು ಸಾಲನ್ನು ಬರೆಯದೆ ಬಿಡುತ್ತಿರಲಿಲ್ಲ. ಅತಿಸ್ರಾವಕ್ಕೆ ಎಲ್ಲರೂ ಹೇಳುವ ಅಶೋಕದ ತೊಗಟೆಯ ಕತೆಯೂ ಅಷ್ಟೆ. ನಮ್ಮ ಶಾಲೆ ಕಚೇರಿಗಳ ಮುಂದೆ ಕಂಬದಂತೆ ನಿಂತಿರುವ ಮರಗಳನ್ನು ನಾವು ಅಶೋಕ ಎನ್ನುತ್ತೇವೆ. ಅವು ಅಶೋಕವಲ್ಲ, ಪಾಲಿಯಾಲ್ತಿಯ. ಸೀತೆ ಕುಳಿತ ಅಶೋಕ ಕಿತ್ತಳೆ ಕೆಂಪಿನ ಗೊಂಚಲು ಹೂ ಬಿಡುವ ಬೇರೆಯೇ ಮರ. ತೊಗಟೆಗಾಗಿ ಸುಲಿದು ಸುಲಿದು ಅದು ಕಾಡಿನಲ್ಲಿ ವಿರಳವಾಗಿದೆ, ಮಾರುಕಟ್ಟೆಯಲ್ಲಿ ಅದರ ಹೆಸರಿನಲ್ಲಿ ಕಂಬದ ಮರದ ತೊಗಟೆ ಮಾರಾಟವಾಗುತ್ತದೆ. ನನ್ನ ಕಪಾಟಿನ ಎರಡು ಪುಸ್ತಕಗಳಲ್ಲಿ ಅಶೋಕದ ಪುಟದ ಬಣ್ಣದ ಚಿತ್ರ ಯಾವುದೋ ಕಚೇರಿಯ ಗೇಟಿನ ಬಳಿ ತೆಗೆದದ್ದು.

ಗಿಡದಲ್ಲಿ ಸತ್ವವಿಲ್ಲ ಎಂದು ನಾನು ಹೇಳುತ್ತಿಲ್ಲ. ಸರ್ಪಗಂಧಿಯ ಬೇರು ಏರಿದ ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಸೇನ್ ಮತ್ತು ಬೋಸ್ ಎಂಬ ವೈದ್ಯರು 1931ರಲ್ಲಿ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ತಮ್ಮ ರೋಗಿಗಳ ಅನುಭವ ಪ್ರಕಟಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ಅದೇ ಪರೀಕ್ಷೆ ಬೇರೆ ಉತ್ತರವನ್ನೂ ಕೊಡಬಹುದು. ಕಾಮಾಲೆಗೆ ನಾವೆಲ್ಲ ನಂಬಿದ ನೆಲನೆಲ್ಲಿ ಬಿ ವಿಧದ ಕಾಮಾಲೆಯ ಸೋಂಕನ್ನು ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಳೆಯಿತೆಂದು 1988ರಲ್ಲಿ ಮದರಾಸಿನ ಸಂಶೋಧಕರು ವರದಿ ಮಾಡಿದಾಗ ಲೋಕವೇ ತಿರುಗಿ ನೋಡಿತು. ಆಮೇಲೆ ಬೇರೆ ಕಡೆ ಮಾಡಿ ನೋಡಿದವರಿಗೆ ಅದು ಸಿಗಲಿಲ್ಲ. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಿದ 2011ರ ಸಮೀಕ್ಷೆ, ಫಲವಿದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ನಮ್ಮ ಪುಸ್ತಕಗಳ ಮಟ್ಟಿಗೆ ಕಾಲ 1988ರಲ್ಲಿಯೇ ನಿಂತಿದೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದವರ ಯಕೃತ್ತು ಕೆಟ್ಟಿತೆಂದು 2021ರಲ್ಲಿ ಮುಂಬಯಿಯ ವೈದ್ಯರು ಬರೆದದ್ದು, ಅದು ಅದನ್ನೇ ಹೋಲುವ ಬೇರೆ ಬಳ್ಳಿಯಿರಬೇಕೆಂದು 2022ರಲ್ಲಿ ಆಯುಷ್ ಸಚಿವಾಲಯ ಹೇಳಿದ್ದು, ಅಲ್ಲ ಇದೇ ಎಂದು ಯಕೃತ್ತಿನ ತಜ್ಞರು ವಾದಿಸಿದ್ದು, ಇವೆಲ್ಲ ಪತ್ರಿಕೆ ಓದುವವರಿಗೆ ನೆನಪಿರಬಹುದು. ಯಾರು ಸರಿ ಎಂಬುದು ತಜ್ಞರ ಮಾತು. ಎರಡು ಬಳ್ಳಿಗಳಿವೆ, ಹೀಗೆ ಬೇರ್ಪಡಿಸಿ ಎಂದು ಹೇಳುವುದು ಪುಸ್ತಕದ ಕೆಲಸವಾಗಿತ್ತು.

ಅಂಥ ಪುಸ್ತಕ ಸಾಧ್ಯವೇ ಇಲ್ಲವೆನ್ನುವವರು ಮುನ್ನೂರೈವತ್ತು ವರ್ಷ ಹಿಂದಕ್ಕೆ ನೋಡಬೇಕು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ‘ಹೋರ್ತೂಸ್ ಮಲಬಾರಿಕುಸ್’ ಎಂಬ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಿಂದ 12 ಸಂಪುಟಗಳು, 742 ಗಿಡಗಳು. ಪರದೇಶಿ ವ್ಯಾಪಾರದ ಕಂಪನಿಯವನು, ಅವನ ಉದ್ದೇಶ ಪರೋಪಕಾರವೇನಲ್ಲ. ಆದರೂ ಅವನು ಎರಡು ಕೆಲಸ ಮಾಡಿದ. ಒಂದೊಂದು ಗಿಡವನ್ನೂ ಎದುರಿಗಿಟ್ಟುಕೊಂಡು ಎಲೆ ಹೂ ಕಾಯಿಗಳೊಡನೆ ದೊಡ್ಡದಾಗಿ ಬರೆಸಿ, ಚಿತ್ರದ ಮೇಲೆಯೇ ನಮ್ಮ ಕಡೆಯ ಲಿಪಿಗಳಲ್ಲಿ ಹೆಸರು ಕೊರೆಸಿದ. ಮಲಯಾಳಿಗೆ ತನ್ನ ಗಿಡ ತನ್ನ ಅಕ್ಷರದಲ್ಲಿಯೇ ಕಂಡಿತು. ಇನ್ನೊಂದು, ಹೇಳಿದವರು ಯಾರೆಂದು ಅಚ್ಚು ಹಾಕಿದ. ಈಳವ ವೈದ್ಯ ಇಟ್ಟಿ ಅಚ್ಯುತನ್ ತನ್ನ ಮನೆತನದ ತಾಳೆಗರಿಯಿಂದ ಹೇಳಿದ್ದೆಂದು ಸಾಕ್ಷಿ ಬರೆದುಕೊಟ್ಟದ್ದು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ನಾಗರಿ ಅಕ್ಷರದಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟದ್ದು, ಮೊದಲ ಸಂಪುಟದಲ್ಲಿಯೇ ಇವೆ. ಕೊಂಕಣಿ ಮಾತನಾಡುವ ನಮ್ಮ ಕರಾವಳಿಯವರು ಹೆಮ್ಮೆಪಡಬೇಕಾದ ಪುಟ ಅದು. ಕ್ಯಾಲಿಕಟ್ಟಿನ ಪ್ರಾಧ್ಯಾಪಕ ಮಣಿಲಾಲ್ ದಶಕಗಳ ಕಾಲ ದುಡಿದು ಅದನ್ನು 2003ರಲ್ಲಿ ಇಂಗ್ಲಿಷಿಗೂ 2008ರಲ್ಲಿ ಮಲಯಾಳಕ್ಕೂ ತಂದರು. ಆ ಗ್ರಂಥದಲ್ಲಿಯೂ ಒಪ್ಪಲಾಗದ ಉಪಯೋಗಗಳು ಬೇಕಾದಷ್ಟಿವೆ. ಆದರೆ ಯಾವ ಗಿಡ, ಯಾರು ಹೇಳಿದರು ಎಂಬುದರಲ್ಲಿ ಅನುಮಾನವಿಲ್ಲ. ನಮ್ಮ ಪುಸ್ತಕಗಳಲ್ಲಿ ಹೇಳಿದವರೆಲ್ಲ ‘ಹಳ್ಳಿಗರು’, ಇಲ್ಲವೇ ‘ಪೂರ್ವಜರು’. ನನ್ನ ನೆರೆಯ ಮುದುಕಿ ಇವೆರಡರಲ್ಲಿ ಯಾವುದಕ್ಕೆ ಸೇರುತ್ತಾರೋ.

ಕನ್ನಡದಲ್ಲಿ ಈ ಬಗೆಯ ಬರವಣಿಗೆಗೆ ಬಡತನವೇನಿರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜ ವಿಷವೈದ್ಯವನ್ನು ‘ಖಗೇಂದ್ರಮಣಿದರ್ಪಣ’ವಾಗಿ ಪದ್ಯದಲ್ಲಿ ಬರೆದ. ನಮ್ಮ ಕಾಲದಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ, 1978ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಅದು ಮದ್ದಿನ ಪುಸ್ತಕವಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿಗೆ ಹೋದ ಮೇಷ್ಟ್ರ ಪುಸ್ತಕ. ಚಿತ್ರಗಳನ್ನು ಅವರೇ ಬರೆದರು. ಗಿಡದ ಮುಂದೆ ನಮ್ಮನ್ನು ನಿಲ್ಲಿಸಿ, ಎಲೆ ಮುರಿಸಿ, ಮೂಸಿಸಿ, ನಗಿಸಿ, ಗುರುತು ಮನಸ್ಸಿನಿಂದ ಅಳಿಯದ ಹಾಗೆ ಮಾಡುತ್ತಾರೆ. ಮದ್ದಿನ ಪುಸ್ತಕ ಬರೆಯಲು ಹೊರಟವರು ಮೊದಲು ಅದನ್ನು ಓದಲಿ ಎಂದು ನನ್ನ ಆಸೆ.

ಈ ವರ್ಷ ನಮ್ಮ ಔಷಧಿವನದಲ್ಲಿ 34 ಗಿಡಗಳಿಗೆ ಫಲಕ ಆಗಿದೆ. ಗಿಡದ ಹೆಸರು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ. ಲ್ಯಾಟಿನ್ ಹೆಸರು ಕಾಲೇಜಿನ ಸಸ್ಯಶಾಸ್ತ್ರದವರು ಬಂದು ನೋಡಿ ಹೇಳಿದ್ದು. ಉಪಯೋಗದ ಸಾಲಿಗೆಂದು ಬಿಟ್ಟ ಜಾಗದಲ್ಲಿ ಯಾರ ಮನೆಯಿಂದ ಗಿಡ ಬಂತು ಎಂದು ಮಕ್ಕಳಿಂದ ಬರೆಸಿದ್ದೇನೆ. ಪರಿಶೀಲನೆಗೆ ಬಂದ ಅಧಿಕಾರಿಗಳು ಉಪಯೋಗ ಯಾಕಿಲ್ಲ ಎಂದು ವರದಿಯಲ್ಲಿ ಕೇಳಿದ್ದಾರೆ. ಉತ್ತರ ಬರೆಯಬೇಕಾಗಿದೆ.